ಮೋಟಾರ್ ಸೈಕಲ್ಲು ಮತ್ತು ಬಿಡುಗಡೆ: ಟಿ. ಇ. ಲಾರೆನ್ಸನ ಬದುಕು

ಮೋಟಾರ್ ಸೈಕಲ್ಲನ್ನೇರಿ ತೆರೆದ ರಸ್ತೆಯಲ್ಲಿ ಸಾಗುವವನಿಗೆ ನಿಜವಾಗಿಯೂ ಸ್ವಾತಂತ್ರ್ಯದ ಅನುಭವ ಉಂಟಾಗುತ್ತದೆಯೇ? ಬೈಕಿನ ಕೀಲಿಕೈ ಮೊದಲ ಬಾರಿಗೆ ಕೈಸೇರಿದ ಹದಿಹರೆಯದವರು ಹೌದೆನ್ನುತ್ತಾರೆ. ಮಗನೋ ಮಗಳೋ ಮನೆ ಸೇರುವ ತನಕ ಕಿವಿ ನಿಮಿರಿಸಿ ಕುಳಿತಿರುವ ತಂದೆತಾಯಿಗಳು ಬೇರೆ ಉತ್ತರ ಕೊಡುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ ಎಂಬುದನ್ನು ತನ್ನ ಬದುಕಿನಿಂದಲೂ ಸಾವಿನಿಂದಲೂ ತೋರಿಸಿಕೊಟ್ಟವನು ಥಾಮಸ್ ಎಡ್ವರ್ಡ್ ಲಾರೆನ್ಸ್. ‘ಅರೇಬಿಯಾದ ಲಾರೆನ್ಸ್’ ಎಂಬ ಹೆಸರಿನಿಂದ ಲೋಕ ಅವನನ್ನು ಬಲ್ಲದು. ಡೇವಿಡ್ ಲೀನ್ ನಿರ್ದೇಶಿಸಿದ 1962ರ ಚಲನಚಿತ್ರವನ್ನು ಕಂಡವರಿಗೆ ಒಂಟೆಯ ಮೇಲೆ ಕುಳಿತ ಅವನ ಚಿತ್ರವೇ ನೆನಪಿಗೆ ಬರುತ್ತದೆ. ಆದರೆ ಮರುಭೂಮಿಯ ಯುದ್ಧದಲ್ಲಿ ಅವನು ಕಳೆದದ್ದು ಎರಡು ವರ್ಷ ಮಾತ್ರ. ಮೋಟಾರ್ ಸೈಕಲ್ಲಿನ ಸಹವಾಸ ಅದಕ್ಕಿಂತ ಬಹಳ ದೀರ್ಘವಾದುದು.

ಲಾರೆನ್ಸನು ಹುಟ್ಟಿದ್ದು 1888ರ ಆಗಸ್ಟ್ 16ರಂದು, ವೇಲ್ಸ್ ಪ್ರಾಂತದ ಟ್ರೆಮಡಾಗ್ ಎಂಬ ಊರಿನಲ್ಲಿ. ತಂದೆ ಥಾಮಸ್ ಚಾಪ್‌ಮನ್ ಐರ್ಲೆಂಡಿನ ಭೂಮಾಲೀಕ ಮನೆತನದವನು. ಮಡದಿಯನ್ನೂ ನಾಲ್ವರು ಹೆಣ್ಣುಮಕ್ಕಳನ್ನೂ ತೊರೆದು, ತನ್ನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಾರಾ ಎಂಬಾಕೆಯೊಡನೆ ಹೊರಟುಬಂದ ಅವನು, ‘ಲಾರೆನ್ಸ್’ ಎಂಬ ಬೇರೆ ಹೆಸರಿನಲ್ಲಿ ಹೊಸ ಸಂಸಾರ ಹೂಡಿದನು. ಇವರಿಗೆ ಐವರು ಗಂಡುಮಕ್ಕಳು; ನಮ್ಮ ಕಥಾನಾಯಕ ಎರಡನೆಯವನು. ವಿವಾಹಬಂಧನವಿಲ್ಲದ ದಾಂಪತ್ಯವನ್ನು ಅಂದಿನ ಬ್ರಿಟಿಷ್ ಸಮಾಜ ಕ್ಷಮಿಸುತ್ತಿರಲಿಲ್ಲ. ಆದುದರಿಂದ ಕುಟುಂಬವು ಊರಿಂದೂರಿಗೆ ಅಲೆದು, 1896ರಲ್ಲಿ ಆಕ್ಸ್‌ಫರ್ಡ್ ನಗರದಲ್ಲಿ ನೆಲೆಯೂರಿತು. ತಾನು ಹೊತ್ತ ಹೆಸರು ತಂದೆಯ ನಿಜವಾದ ಹೆಸರಲ್ಲ ಎಂಬ ಗುಟ್ಟು ಬಾಲಕನಿಗೆ ಎಳವೆಯಲ್ಲಿಯೇ ತಿಳಿಯಿತು. ಹೆಸರಿನ ಭಾರದಿಂದ ಬಿಡಿಸಿಕೊಳ್ಳುವ ಹಂಬಲ ಮುಂದೆ ಅವನ ಬದುಕಿನುದ್ದಕ್ಕೂ ಕಾಣಿಸಿಕೊಳ್ಳುತ್ತದೆ.

ಅವನಿಗೆ ಮೊದಲ ಬಿಡುಗಡೆಯನ್ನು ಕೊಟ್ಟದ್ದು ಒಂದು ಸೈಕಲ್ಲು. ಶಿಸ್ತಿನ ತಾಯಿಯ ಕಟ್ಟುನಿಟ್ಟಾದ ಮನೆಯಿಂದ ಹೊರಟು ಹಳೆಯ ಚರ್ಚುಗಳನ್ನೂ ಕೋಟೆಗಳನ್ನೂ ಹುಡುಕುತ್ತ ಅವನು ಸೈಕಲ್ ತುಳಿದನು. 1906, 1907 ಮತ್ತು 1908ರ ಬೇಸಗೆ ರಜೆಗಳಲ್ಲಿ ಸೈಕಲ್ಲಿನ ಮೇಲೆಯೇ ಫ್ರಾನ್ಸ್ ದೇಶವನ್ನು ಸುತ್ತಿದನು. ಕೊನೆಯ ಯಾತ್ರೆಯೊಂದರಲ್ಲಿಯೇ ಸುಮಾರು 2,400 ಮೈಲಿ, ಅಂದರೆ 3,800 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದನು. ಮರುವರ್ಷ ಸಿರಿಯಾ ದೇಶದಲ್ಲಿ, ಬಹುಪಾಲು ಕಾಲ್ನಡಿಗೆಯಿಂದಲೇ ಸಾವಿರ ಮೈಲಿಯಷ್ಟು ತಿರುಗಿ ಧರ್ಮಯುದ್ಧಗಳ ಕಾಲದ ಕೋಟೆಗಳನ್ನು ಅಳೆದು ನೋಡಿದನು. ಈ ಅಲೆದಾಟ ಕೇವಲ ಮೋಜಿನದಾಗಿರಲಿಲ್ಲ. ಆ ಕೋಟೆಗಳನ್ನು ಕುರಿತು ಅವನು ಬರೆದ ಪ್ರಬಂಧಕ್ಕೆ ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿನ ವಿದ್ಯಾರ್ಥಿಯಾಗಿ 1910ರಲ್ಲಿ ಪಡೆದ ಪ್ರಥಮ ಶ್ರೇಣಿಯಲ್ಲಿ ಮುಖ್ಯ ಪಾಲಿದೆ. 1911ರಿಂದ 1914ರವರೆಗೆ ಯೂಫ್ರೆಟಿಸ್ ನದಿಯ ದಡದ ಕಾರ್ಕೆಮಿಶ್ ಎಂಬ ಪ್ರಾಚೀನ ನಗರದ ಉತ್ಖನನದಲ್ಲಿ ದುಡಿದು, ಅರಬ್ಬೀ ಭಾಷೆಯನ್ನೂ ಅಲ್ಲಿನ ಜನರ ರೀತಿನೀತಿಗಳನ್ನೂ ಕಲಿತನು.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಕೈರೋ ನಗರದ ಬ್ರಿಟಿಷ್ ಗುಪ್ತಚರ ಕಚೇರಿಯಲ್ಲಿ ನಕ್ಷೆಗಳ ನಡುವೆ ಕುಳಿತ ಲಾರೆನ್ಸನಿಗೆ 1915ರಲ್ಲಿ ಒಂದರ ಹಿಂದೊಂದರಂತೆ ಇಬ್ಬರು ತಮ್ಮಂದಿರ ಸಾವಿನ ಸುದ್ದಿ ಬಂದಿತು. 1916ರ ಜೂನ್ ತಿಂಗಳಲ್ಲಿ ಮೆಕ್ಕಾದ ಷರೀಫ್ ಹುಸೇನನು ತುರ್ಕಿಯ ಆಟೊಮನ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದನು. ಅದೇ ವರ್ಷದ ಅಕ್ಟೋಬರದಲ್ಲಿ ಅರೇಬಿಯಾಕ್ಕೆ ತೆರಳಿದ ಲಾರೆನ್ಸನು ಹುಸೇನನ ಮಗ ಫೈಸಲನ ಸಲಹೆಗಾರನಾದನು. ಡಮಾಸ್ಕಸ್‌ನಿಂದ ಮದೀನಾದವರೆಗಿನ ರೈಲುಹಾದಿಯನ್ನು ಮತ್ತೆ ಮತ್ತೆ ಸಿಡಿಸಿ ತುರ್ಕಿ ಸೈನ್ಯವನ್ನು ಕಂಗೆಡಿಸುವುದು ದಂಗೆಕೋರರ ಯುದ್ಧತಂತ್ರ. 1917ರ ಜುಲೈ 6ರಂದು, ಔದಾ ಅಬು ತಾಯಿ ಎಂಬ ಬುಡಕಟ್ಟಿನ ನಾಯಕನ ಸವಾರರೊಡನೆ ಮರುಭೂಮಿಯನ್ನು ಬಳಸಿಬಂದು, ಸಮುದ್ರದ ಕಡೆಗೆ ಮುಖ ಮಾಡಿದ್ದ ಅಕಾಬಾ ಬಂದರನ್ನು ನೆಲದ ಕಡೆಯಿಂದ ಗೆದ್ದದ್ದು ಈ ಹೋರಾಟದ ದೊಡ್ಡ ವಿಜಯ. 1918ರ ಅಕ್ಟೋಬರ್ 1ರಂದು ಡಮಾಸ್ಕಸ್ ವಶವಾಯಿತು.

ಸ್ವಾತಂತ್ರ್ಯಕ್ಕಾಗಿ ಹೋರಾಡಿದವರಿಗೆ ಸ್ವಾತಂತ್ರ್ಯ ದೊರಕಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು 1916ರಲ್ಲಿಯೇ ಗುಟ್ಟಾಗಿ ಕೈಗೂಡಿಸಿ ಅರಬ್ಬರ ನಾಡನ್ನು ಕಾಗದದ ಮೇಲೆ ಹಂಚಿಕೊಂಡಿದ್ದವು. ಸೈಕ್ಸ್-ಪಿಕೋ ಒಪ್ಪಂದವೆಂಬ ಈ ಹಂಚಿಕೆಯ ಅರಿವು ಯುದ್ಧದ ನಡುವೆಯೇ ಲಾರೆನ್ಸನಿಗಿತ್ತು. ತನ್ನನ್ನು ನಂಬಿ ಪ್ರಾಣ ಕೊಡುತ್ತಿದ್ದವರಿಗೆ ತನ್ನ ಸರಕಾರ ಕೊಟ್ಟ ಮಾತು ಪೊಳ್ಳಾಗುವುದೆಂದು ತಿಳಿದೂ ಅವನು ಅವರನ್ನು ಮುನ್ನಡೆಸಿದನು. ಆ ಅಪರಾಧಪ್ರಜ್ಞೆ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1918ರ ಅಕ್ಟೋಬರದಲ್ಲಿ ದೊರೆ ಐದನೆಯ ಜಾರ್ಜ್ ಗೌರವಗಳನ್ನು ನೀಡಲು ಮುಂದಾದಾಗ ದೊರೆಯ ಎದುರಿನಲ್ಲಿಯೇ ಅವನ್ನು ನಿರಾಕರಿಸಿದನು. 1919ರ ಪ್ಯಾರಿಸ್ ಶಾಂತಿಸಭೆಯಲ್ಲಿ ಫೈಸಲನ ಪರವಾಗಿ ವಾದಿಸಿದರೂ ಫಲ ಕಾಣಲಿಲ್ಲ. 1920ರಲ್ಲಿ ಫ್ರೆಂಚ್ ಸೈನ್ಯ ಫೈಸಲನನ್ನು ಡಮಾಸ್ಕಸ್‌ನಿಂದ ಹೊರದೂಡಿತು. ಮರುವರ್ಷ ವಿನ್‌ಸ್ಟನ್ ಚರ್ಚಿಲ್ಲನ ಸಲಹೆಗಾರನಾಗಿ ದುಡಿದ ಲಾರೆನ್ಸನು, ಫೈಸಲನಿಗೆ ಇರಾಕಿನ ಸಿಂಹಾಸನ ದೊರೆಯುವಂತೆ ಮಾಡಿದ್ದಷ್ಟೇ ಅವನಿಗುಳಿದ ಸಮಾಧಾನ. ಅರಬ್ಬರ ಮಿತ್ರನಾಗಿದ್ದೂ ಅವನು ಸಾಮ್ರಾಜ್ಯದ ಅಧಿಕಾರಿಯೇ ಆಗಿದ್ದನೆಂಬುದನ್ನು ಇತಿಹಾಸ ಮರೆಯಲಾರದು. ಆ ಇಬ್ಬಂದಿಯೇ ಅವನನ್ನು ಒಳಗಿನಿಂದ ಸೀಳಿತು.

ಇದೇ ಹೊತ್ತಿಗೆ ಲೋವೆಲ್ ಥಾಮಸ್ ಎಂಬ ಅಮೆರಿಕನ್ ಪತ್ರಕರ್ತನು ಲಂಡನ್ನಿನಲ್ಲಿ ನಡೆಸಿದ ಸಚಿತ್ರ ಉಪನ್ಯಾಸಗಳು ಲಾರೆನ್ಸನನ್ನು ಮನೆಮಾತಾಗಿಸಿದವು. ಹೋದಲ್ಲೆಲ್ಲ ಜನರ ನೋಟ, ಪತ್ರಿಕೆಗಳ ಬೆನ್ನಟ್ಟುವಿಕೆ. ಕೀರ್ತಿ ಅವನಿಗೆ ಸೆರೆಮನೆಯಾಯಿತು. 1922ರ ಆಗಸ್ಟ್ ತಿಂಗಳಲ್ಲಿ ಅವನೊಂದು ವಿಚಿತ್ರ ನಿರ್ಧಾರ ಕೈಗೊಂಡನು. ಕರ್ನಲ್ ಪದವಿಯನ್ನು ಬದಿಗಿಟ್ಟು, ಜಾನ್ ಹ್ಯೂಮ್ ರಾಸ್ ಎಂಬ ಹೆಸರಿನಲ್ಲಿ ಬ್ರಿಟಿಷ್ ವಾಯುಪಡೆಯ ಅತ್ಯಂತ ಕೆಳದರ್ಜೆಯ ಸಿಪಾಯಿಯಾಗಿ ಸೇರಿದನು. ಕೆಲವೇ ತಿಂಗಳಲ್ಲಿ ಪತ್ರಿಕೆಗಳು ಗುಟ್ಟನ್ನು ಬಯಲಿಗೆಳೆದವು. ವಾಯುಪಡೆ ಅವನನ್ನು ಹೊರಹಾಕಿತು. 1923ರಲ್ಲಿ ಟಿ. ಇ. ಶಾ ಎಂಬ ಮತ್ತೊಂದು ಹೆಸರಿನಿಂದ ಟ್ಯಾಂಕ್ ದಳವನ್ನು ಸೇರಿ, ಡಾರ್ಸೆಟ್ ಜಿಲ್ಲೆಯ ಬೋವಿಂಗ್ಟನ್ ಶಿಬಿರಕ್ಕೆ ಬಂದನು. ಅಲ್ಲಿಗೆ ಸಮೀಪದ ಕ್ಲೌಡ್ಸ್ ಹಿಲ್ ಎಂಬಲ್ಲಿ ಒಂದು ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದನು. ಟ್ಯಾಂಕ್ ದಳದ ಬದುಕು ಒಗ್ಗದೆ ನೊಂದ ಅವನಿಗೆ 1925ರ ಆಗಸ್ಟಿನಲ್ಲಿ ಮರಳಿ ವಾಯುಪಡೆಗೆ ಸೇರಲು ಅನುಮತಿ ಸಿಕ್ಕಿತು.

ಮೋಟಾರ್ ಸೈಕಲ್ಲು ಅವನ ಬದುಕಿನ ಆಸರೆಯಾದದ್ದು ಈ ದಿನಗಳಲ್ಲಿ. ನಾಟಿಂಗ್‌ಹ್ಯಾಮಿನ ಜಾರ್ಜ್ ಬ್ರೌ ಎಂಬ ತಯಾರಕನು ‘ಬ್ರೌ ಸುಪೀರಿಯರ್’ ಹೆಸರಿನ ದುಬಾರಿ ಬೈಕುಗಳನ್ನು ಕಟ್ಟುತ್ತಿದ್ದನು. ಎರಡು ಸಿಲಿಂಡರುಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಜೋಡಿಸಿದ, ಸುಮಾರು ಸಾವಿರ ಸಿ.ಸಿ.ಯ ಎಂಜಿನ್ ಅವುಗಳ ಹೃದಯ. ಅವುಗಳಲ್ಲಿ ‘ಎಸ್‌ಎಸ್ 100’ ಎಂಬ ಮಾದರಿ ಗಂಟೆಗೆ 100 ಮೈಲಿ, ಎಂದರೆ 160 ಕಿಲೋಮೀಟರು ವೇಗ ಮುಟ್ಟುವುದೆಂದು ತಯಾರಕನೇ ಖಾತರಿ ನೀಡುತ್ತಿದ್ದನು. ಲಾರೆನ್ಸನು ಒಂದರ ನಂತರ ಒಂದರಂತೆ ಇಂಥ ಏಳು ಬೈಕುಗಳನ್ನು ಓಡಿಸಿದನು. ಎಂಟನೆಯದಕ್ಕೆ ಬೇಡಿಕೆ ಸಲ್ಲಿಸಿದ್ದನು. ಬೈಬಲ್ಲಿನಲ್ಲಿ ಗುಡುಗಿನ ಮಕ್ಕಳೆಂಬ ಅರ್ಥದಲ್ಲಿ ಬರುವ ‘ಬೊಅನೆರ್ಗೆಸ್’ ಎಂಬ ಹೆಸರನ್ನು ತನ್ನ ವಾಹನಕ್ಕಿಟ್ಟು ಮುದ್ದಿಸಿದನು.

ಈ ವಾಹನ ಅವನಿಗೆ ಕೊಟ್ಟದ್ದಾದರೂ ಏನು? ಸಿಪಾಯಿಯ ದಿನಚರಿಯಲ್ಲಿ ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಆಜ್ಞೆಯಂತೆ. ಮುಂದೇನೆಂಬ ನಿರ್ಧಾರದ ಹೊರೆಯನ್ನು ಇಳಿಸಿಕೊಳ್ಳಲೆಂದೇ ಅವನು ಆ ಬಂಧನವನ್ನು ತಾನಾಗಿ ಆರಿಸಿಕೊಂಡಿದ್ದನು. ಆದರೆ ಅಧಿಕಾರಿಯ ಗದರಿಕೆ, ಬ್ಯಾರಕ್ಕಿನ ಗದ್ದಲ, ರಾತ್ರಿಗಳಲ್ಲಿ ಮರುಕಳಿಸುವ ಯುದ್ಧದ ನೆನಪು ಇವೆಲ್ಲ ಕೂಡಿಬಂದಾಗ ಬೈಕನ್ನೇರಿ ಹೊರಡುತ್ತಿದ್ದನು. ಕಾರಿನಂತೆ ಮೋಟಾರ್ ಸೈಕಲ್ಲಿಗೆ ಗೋಡೆಗಳಿಲ್ಲ. ಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ತಿರುವು ಬಂದರೆ ದೇಹವೇ ಬಾಗಬೇಕು. ಕಣ್ಣು, ಕೈ, ಕಾಲುಗಳೆಲ್ಲ ಏಕಕಾಲಕ್ಕೆ ದುಡಿಯುತ್ತಿರುವಾಗ ಬೇರೊಂದು ಚಿಂತೆಗೆ ಮನಸ್ಸಿನಲ್ಲಿ ಎಡೆಯಿರುವುದಿಲ್ಲ. ಪ್ರಶ್ನೆಗಳಿಂದ ಬಳಲಿದ ಮನಸ್ಸಿಗೆ ಇಂಥ ಏಕಾಗ್ರತೆಯೇ ವಿಶ್ರಾಂತಿ. ಸವಾರರು ಸ್ವಾತಂತ್ರ್ಯವೆಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಅದು ಸುಳ್ಳಲ್ಲ. ಕ್ರ್ಯಾನ್‌ವೆಲ್ ವಾಯುನೆಲೆಯಲ್ಲಿದ್ದಾಗ ಲಿಂಕನ್ ಕಡೆಗಿನ ರಸ್ತೆಯಲ್ಲಿ ತನ್ನ ಬೈಕು ಆಕಾಶದಲ್ಲಿ ಹಾರುತ್ತಿದ್ದ ವಿಮಾನದೊಡನೆ ಪೈಪೋಟಿಗಿಳಿದ ಸಂಗತಿಯನ್ನು, ಅವನ ಮರಣಾನಂತರ 1955ರಲ್ಲಿ ಪ್ರಕಟವಾದ ‘ದಿ ಮಿಂಟ್’ ಎಂಬ ಪುಸ್ತಕದಲ್ಲಿ ಬಣ್ಣಿಸಿದ್ದಾನೆ. ಅದೇ ಸವಾರಿಯಲ್ಲಿ ಬ್ಯಾರಕ್ಕಿನ ಗೆಳೆಯರಿಗೆಂದು ತಿನಿಸುಗಳನ್ನು ಕೊಂಡು ಮರಳುತ್ತಿದ್ದುದೂ ಉಂಟು.

ಆದರೂ ಆ ಬಿಡುಗಡೆಗೆ ಒಂದು ಮಿತಿಯಿತ್ತು. ಎಷ್ಟೇ ದೂರ ಹೋದರೂ ಹಾಜರಿಯ ವೇಳೆಗೆ ಶಿಬಿರದ ಬಾಗಿಲಿಗೆ ಮರಳಬೇಕು. ಎಂಜಿನ್ ತಣ್ಣಗಾದೊಡನೆ ಬಿಟ್ಟುಹೋದ ಚಿಂತೆಗಳು ಅಲ್ಲೇ ಕಾದಿರುತ್ತಿದ್ದವು. ರಸ್ತೆಯು ಅವನನ್ನು ಹೆಸರಿನಿಂದ ಕೆಲವು ಗಂಟೆ ಬಿಡಿಸುತ್ತಿತ್ತೇ ಹೊರತು ಹೆಸರನ್ನು ಅಳಿಸಲಿಲ್ಲ.

ಈ ಮಾತಿಗೆ ಅವನ ಭಾರತವಾಸವೇ ಸಾಕ್ಷಿ. ‘ಸೆವೆನ್ ಪಿಲ್ಲರ್ಸ್ ಆಫ್ ವಿಸ್ಡಮ್’ ಎಂಬ ತನ್ನ ಮಹಾಕೃತಿಯನ್ನು 1926ರಲ್ಲಿ ಚಂದಾದಾರರಿಗಾಗಿ ಅಚ್ಚು ಹಾಕಿಸಿದ ಬಳಿಕ, ಅದರ ಗದ್ದಲದಿಂದ ದೂರವಿರಲು ಅವನು ಭಾರತದ ನೆಲೆಗೆ ವರ್ಗವಾಗಿ ಬಂದನು. 1927ರ ಜನವರಿಯಲ್ಲಿ, ಅಂದು ಅವಿಭಜಿತ ಭಾರತದ ಭಾಗವಾಗಿದ್ದ ಕರಾಚಿಯ ವಾಯುನೆಲೆಗೆ ಸೇರಿದನು. ಅದೇ ವರ್ಷ ಶಾ ಎಂಬ ಹೆಸರನ್ನು ಕಾನೂನುಬದ್ಧವಾಗಿ ತನ್ನದಾಗಿಸಿಕೊಂಡನು. ಬ್ರೌ ಬೈಕು ಇಂಗ್ಲೆಂಡಿನಲ್ಲಿಯೇ ಉಳಿಯಿತು. 1928ರಲ್ಲಿ ವಾಯವ್ಯ ಗಡಿಯ ವಜೀರಿಸ್ತಾನದ ಮೀರನ್‌ಶಾ ಎಂಬ ಸಣ್ಣ ಕೋಟೆಗೆ ಗುಮಾಸ್ತನಾಗಿ ಹೋದನು. ಮುಳ್ಳುತಂತಿಯ ಬೇಲಿಯಾಚೆ ಕಾಲಿಡಲು ಸಿಪಾಯಿಗಳಿಗೆ ಅವಕಾಶವಿಲ್ಲದ ತಾಣವದು. ಬೈಕೂ ಇಲ್ಲ, ರಸ್ತೆಯೂ ಇಲ್ಲ. ಆದರೂ ಅಲ್ಲಿ ಅವನು ಕುಗ್ಗಲಿಲ್ಲ. ಬಿಡುವಿನ ವೇಳೆಯಲ್ಲಿ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ಯನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸದಲ್ಲಿ ತೊಡಗಿದನು. ಆ ಅನುವಾದ 1932ರಲ್ಲಿ ಪ್ರಕಟವಾಯಿತು. ಇತ್ತ ಅಫ್ಘಾನಿಸ್ತಾನದಲ್ಲಿ ದೊರೆ ಅಮಾನುಲ್ಲಾನ ವಿರುದ್ಧ ದಂಗೆಯೆದ್ದಾಗ, ಅದರ ಹಿಂದೆ ಗೂಢಚಾರ ಲಾರೆನ್ಸನ ಕೈವಾಡವಿದೆಯೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಬೇಲಿಯೊಳಗೆ ಬರೆಯುತ್ತ ಕುಳಿತಿದ್ದವನನ್ನು ಕೀರ್ತಿ ಅಲ್ಲಿಗೂ ಹಿಂಬಾಲಿಸಿತ್ತು. 1929ರ ಜನವರಿಯಲ್ಲಿ ಮುಂಬಯಿಯಿಂದ ಹಡಗು ಹತ್ತಿಸಿ ಅವನನ್ನು ತವರಿಗೆ ಕಳುಹಿಸಲಾಯಿತು. ನಾಟಕಕಾರ ಬರ್ನಾರ್ಡ್ ಶಾ ದಂಪತಿಗಳೂ ಸೇರಿದಂತೆ ಆಪ್ತರು ಕೊಟ್ಟ ಹೊಸ ಬ್ರೌ ಬೈಕು ಅಲ್ಲಿ ಅವನ ಕೈಸೇರಿತು.

ಇಂಗ್ಲೆಂಡಿಗೆ ಮರಳಿದ ಲಾರೆನ್ಸನು ಪ್ಲಿಮತ್ ಬಂದರಿನ ವಾಯುನೆಲೆಯಲ್ಲಿದ್ದಾಗ, 1931ರ ಫೆಬ್ರವರಿಯಲ್ಲಿ ಸಮುದ್ರವಿಮಾನವೊಂದು ಅವನ ಕಣ್ಣೆದುರೇ ನೀರಿಗೆ ಬಿದ್ದಿತು. ಮುಳುಗುತ್ತಿದ್ದವರನ್ನು ರಕ್ಷಿಸಲು ಹೋದವರಲ್ಲಿ ಅವನೂ ಒಬ್ಬ. ರಕ್ಷಣೆಯ ದೋಣಿಗಳು ನಿಧಾನವಾದರೆ ಜೀವಗಳು ಹೋಗುತ್ತವೆಂಬುದನ್ನು ಕಂಡ ಅವನು, ಹ್ಯೂಬರ್ಟ್ ಸ್ಕಾಟ್-ಪೇನ್ ಎಂಬ ದೋಣಿ ತಯಾರಕನ ಕಾರ್ಖಾನೆಯೊಡನೆ ಕೂಡಿ ವಾಯುಪಡೆಗಾಗಿ ವೇಗದ ಮೋಟಾರು ದೋಣಿಗಳನ್ನು ರೂಪಿಸುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದನು. ಎಂಜಿನ್ನುಗಳ ಬಗ್ಗೆ ಬೈಕಿನಿಂದ ಕಲಿತದ್ದು ಇಲ್ಲಿ ಪ್ರಯೋಜನಕ್ಕೆ ಬಂದಿತು. ಏಕಾಂಗಿ ಸವಾರಿಯ ವೇಗ ಅವನಿಗೊಬ್ಬನಿಗೆ ಕ್ಷಣಕಾಲದ ನೆಮ್ಮದಿ ಕೊಟ್ಟಿತ್ತು. ಇನ್ನೊಬ್ಬರ ಜೀವ ಉಳಿಸಲೆಂದು ಸಾಧಿಸಿದ ವೇಗವೋ ಅವನಿಗೆ ತನ್ನ ಬದುಕು ಸಾರ್ಥಕವೆಂಬ ಭಾವವನ್ನು ತಂದಿತು. ಈ ವರ್ಷಗಳಲ್ಲಿ ಅವನು ಹೆಚ್ಚು ಸಂತೃಪ್ತನಾಗಿದ್ದನೆಂಬುದು ಅವನ ಚರಿತ್ರಕಾರರ ಅಭಿಪ್ರಾಯ.

1935ರ ಫೆಬ್ರವರಿ ಕೊನೆಯಲ್ಲಿ ಅವನ ಸೇವಾವಧಿ ಮುಗಿಯಿತು. ಬ್ರಿಡ್ಲಿಂಗ್ಟನ್ ಎಂಬ ಕಡಲೂರಿನಿಂದ ಅವನು ವಾಯುಪಡೆಗೆ ವಿದಾಯ ಹೇಳಿ ಹೊರಟದ್ದು ಮೋಟಾರ್ ಸೈಕಲ್ಲಿನಲ್ಲಲ್ಲ, ಬಾಲ್ಯದಂತೆ ಕಾಲಿನಿಂದ ತುಳಿಯುವ ಸೈಕಲ್ಲಿನಲ್ಲಿ. ಕ್ಲೌಡ್ಸ್ ಹಿಲ್ ಮನೆಯನ್ನು ಪತ್ರಕರ್ತರು ಮುತ್ತಿದ್ದರಿಂದ ಕೆಲವು ವಾರ ಅಲ್ಲಿಯೂ ನೆಲೆನಿಲ್ಲಲಾಗಲಿಲ್ಲ. ಮೇ 13ರಂದು ಅವನು ತನ್ನ ಬ್ರೌ ಬೈಕನ್ನೇರಿ ಬೋವಿಂಗ್ಟನ್ ಶಿಬಿರದ ಅಂಚೆ ಕಚೇರಿಗೆ ಹೋಗಿ, ಲೇಖಕ ಹೆನ್ರಿ ವಿಲಿಯಮ್ಸನ್ನನಿಗೆ ತಂತಿ ಕಳುಹಿಸಿ ಮನೆಯತ್ತ ಮರಳುತ್ತಿದ್ದನು. ರಸ್ತೆಯ ತಗ್ಗೊಂದನ್ನು ದಾಟುವಾಗ ಎದುರಿಗೆ ಅದೇ ದಿಕ್ಕಿನಲ್ಲಿ ಸಾಗುತ್ತಿದ್ದ ಇಬ್ಬರು ಸೈಕಲ್ ಸವಾರ ಹುಡುಗರು ಹಠಾತ್ತನೆ ಕಾಣಿಸಿದರು. ಅವರನ್ನು ತಪ್ಪಿಸಲು ಬೈಕನ್ನು ತಿರುಗಿಸಿದ ಲಾರೆನ್ಸನು ಹಿಡಿತ ತಪ್ಪಿ ಮುಂದಕ್ಕೆ ಎಸೆಯಲ್ಪಟ್ಟನು. ತಲೆಗೆ ತೀವ್ರ ಪೆಟ್ಟಾಯಿತು. ಹುಡುಗರಿಬ್ಬರೂ ಬದುಕಿ ಉಳಿದರು. ಪ್ರಜ್ಞೆ ಮರಳದೆ ಆರು ದಿನ ಆಸ್ಪತ್ರೆಯಲ್ಲಿದ್ದ ಲಾರೆನ್ಸನು ಮೇ 19ರಂದು ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಮೇ 21ರಂದು ಸಮೀಪದ ಮೋರ್ಟನ್ ಗ್ರಾಮದಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಚರ್ಚಿಲ್ಲನೂ ಬಂದಿದ್ದನು.

ರಸ್ತೆಯಲ್ಲಿ ತಾನೊಬ್ಬನೇ ಇದ್ದೇನೆಂಬ ಭಾವನೆ ಸವಾರನ ಸ್ವಾತಂತ್ರ್ಯದ ಜೀವಾಳ. ಆದರೆ ಯಾವ ರಸ್ತೆಯಲ್ಲಿಯೂ ಯಾರೊಬ್ಬರೂ ಒಂಟಿಯಲ್ಲ. ತಿರುವಿನಾಚೆ, ತಗ್ಗಿನೊಳಗೆ, ಕಣ್ಣಿಗೆ ಬೀಳದೆ ಇನ್ನಾರೋ ಸಾಗುತ್ತಿರುತ್ತಾರೆ. ವೇಗ ಇಮ್ಮಡಿಯಾದರೆ ವಾಹನದ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆಂದು ಶಾಲೆಯ ಭೌತಶಾಸ್ತ್ರ ಕಲಿಸುತ್ತದೆ. ಬ್ರೇಕು ಹಾಕಿದ ಮೇಲೆ ನಿಲ್ಲಲು ಬೇಕಾದ ದೂರವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಬೆಳೆಯುತ್ತದೆ. ಆ ದೂರ ಕೈಯಲ್ಲಿಲ್ಲದ ಗಳಿಗೆಯಲ್ಲಿ ಲಾರೆನ್ಸನ ಎದುರಿಗಿದ್ದದ್ದು ಒಂದೇ ದಾರಿ. ಅವನು ಮಕ್ಕಳನ್ನು ಉಳಿಸುವ ಕಡೆಗೆ ಬೈಕನ್ನು ತಿರುಗಿಸಿದನು.

ಅವನ ಸಾವಿನಿಂದ ಲೋಕಕ್ಕೊಂದು ಉಪಕಾರವೂ ಆಯಿತು. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬಂದ ವೈದ್ಯರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರಚಿಕಿತ್ಸಕನೂ ಇದ್ದನು. ಲಾರೆನ್ಸನು ಹೆಲ್ಮೆಟ್ ಧರಿಸಿರಲಿಲ್ಲ. ಅಂದು ಅಂಥ ರೂಢಿಯೇ ಇರಲಿಲ್ಲ. ಈ ಸಾವು ಮನಸ್ಸನ್ನು ತಟ್ಟಿದ ಕೇರ್ನ್ಸನು ಬೈಕ್ ಸವಾರರ ತಲೆಯ ಗಾಯಗಳ ಅಧ್ಯಯನಕ್ಕೆ ತೊಡಗಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದನು. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಬೈಕ್ ಸವಾರರೂ ಹಿಂಬದಿಯವರೂ ಸತ್ತಿದ್ದರೆಂದು ಅದು ತಿಳಿಸಿತು. ಅವನು ಪರೀಕ್ಷಿಸಿದವರಲ್ಲಿ ಹೆಲ್ಮೆಟ್ ಧರಿಸಿದ್ದವರು ಏಳೇ ಮಂದಿ. ಆ ಏಳು ಮಂದಿಯೂ ಬದುಕಿದ್ದರು. ಅದೇ ವರ್ಷ ಬ್ರಿಟಿಷ್ ಭೂಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿತು. ಸಾರ್ವಜನಿಕರಿಗೂ ಅದು ಕಡ್ಡಾಯವಾದದ್ದು 1973ರಲ್ಲಿ, ಕೇರ್ನ್ಸನು ತೀರಿಕೊಂಡ 21 ವರ್ಷಗಳ ಮೇಲೆ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ವಿಧಿ ಇದೇ ಮಾತನ್ನು ಹೇಳುತ್ತದೆ. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ಗೋವಾ, ಕರ್ನಾಟಕ ಯಾವುದಾದರೂ ಸರಿ, ಗಡಿ ದಾಟಿದರೂ ಈ ಕಾಯಿದೆ ಬದಲಾಗುವುದಿಲ್ಲ. ಗೇರುಳ್ಳ ಮೋಟಾರ್ ಸೈಕಲ್ಲನ್ನು ಓಡಿಸಲು 18 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನ ಮಕ್ಕಳು ವಾಹನ ಓಡಿಸಿ ಅಪರಾಧವೆಸಗಿದರೆ, ಪೋಷಕರು ಅಥವಾ ವಾಹನದ ಒಡೆಯರು ಮೂರು ವರ್ಷದವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬಹುದು. ಕೀಲಿಕೈ ಕೊಡುವ ಕೈಗೂ ಹೊಣೆಯುಂಟೆಂಬುದೇ ಇದರ ತಾತ್ಪರ್ಯ.

ಬೈಕು ಸ್ವಾತಂತ್ರ್ಯ ಕೊಡುತ್ತದೆಯೇ ಎಂದು ಮಕ್ಕಳು ಕೇಳಿದರೆ ಇಲ್ಲವೆಂದು ಗದರುವುದು ಸರಿಯಾಗಲಾರದು. ಲಾರೆನ್ಸನ ಬದುಕು ಆ ಉತ್ತರವನ್ನು ಒಪ್ಪುವುದಿಲ್ಲ. ಕೊಡುತ್ತದೆ, ಆದರೆ ಕಡವಾಗಿ, ಕೆಲವು ಗಂಟೆಗಳ ಮಟ್ಟಿಗೆ. ಮನಸ್ಸಿನೊಳಗಿನ ಕಟ್ಟುಗಳನ್ನು ಬಿಚ್ಚುವ ಕೆಲಸವನ್ನು ಅವನಿಗಾಗಿ ಯಾವ ಎಂಜಿನ್ನೂ ಮಾಡಲಿಲ್ಲ. ಬೇಲಿಯೊಳಗಣ ಮೀರನ್‌ಶಾದಲ್ಲಿ ಪುಸ್ತಕವೂ ಪ್ಲಿಮತ್ತಿನ ಕಡಲಿನಲ್ಲಿ ಪರರ ಜೀವದ ಕಾಳಜಿಯೂ ಆ ಕೆಲಸವನ್ನು ಅಷ್ಟಿಷ್ಟು ಮಾಡಿದವು. ಅವನು ದಾರಿ ಬಿಟ್ಟುಕೊಟ್ಟ ಆ ಇಬ್ಬರು ಹುಡುಗರು ತಮ್ಮ ತಮ್ಮ ತಾಯಂದಿರಿಗೆ ಜೀವಂತವಾಗಿ ದಕ್ಕಿದರು.